ಮಾಂಗಾ ಓದಲು ಇ-ರೀಡರ್ ಬೇಕಾ? ಮೊದಲು ಸ್ಕೇಲ್ ಹಿಡಿಯಿರಿ

ಕಾದಂಬರಿ ಓದುವುದಕ್ಕೆ ಯಾವ ಇ-ರೀಡರ್ ಆದರೂ ನಡೆಯುತ್ತದೆ. ಅಕ್ಷರ ಚಿಕ್ಕದಾಯಿತು ಅನ್ನಿಸಿದರೆ ದೊಡ್ಡದು ಮಾಡಿಕೊಂಡರಾಯಿತು, ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಮಾಂಗಾದಲ್ಲಿ, ಅಂದರೆ ಜಪಾನಿನ ಕಾಮಿಕ್ಸ್‌ನಲ್ಲಿ, ಹಾಗಾಗುವುದಿಲ್ಲ. ಅಲ್ಲಿ ಇಡೀ ಪುಟವೇ ಒಂದು ಚಿತ್ರ. ಮಾತಿನ ಗುಳ್ಳೆಯೊಳಗಿನ ಅಕ್ಷರವೂ ಆ ಚಿತ್ರದ ಭಾಗವೇ. ಪುಟ ಕುಗ್ಗಿದರೆ ಅಕ್ಷರವೂ ಕುಗ್ಗುತ್ತದೆ. ಹಾಗಾಗಿ ಮಾಂಗಾಕ್ಕೆಂದೇ ಇ-ರೀಡರ್ ಕೊಳ್ಳುವವರು ಬ್ರ್ಯಾಂಡ್, ಬ್ಯಾಟರಿ, ಬೆಳಕು ಎಲ್ಲವನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಮೊದಲು ಪರದೆಯ ಅಳತೆ ನೋಡಬೇಕು.

ಹೆಜ್ಜೆ 1: ಪರದೆಯ ಎತ್ತರ ಅಳೆಯಿರಿ

ಜಪಾನಿನಲ್ಲಿ ಬಹುತೇಕ ಮಾಂಗಾಗಳು ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ತಾಂಕೊಬೊನ್ ಎಂಬ ಪುಟ್ಟ ಪುಸ್ತಕವಾಗುತ್ತವೆ. ಮಕ್ಕಳು, ಹದಿಹರೆಯದವರ ಮಾಂಗಾದ ತಾಂಕೊಬೊನ್ ಸುಮಾರು 11 ಸೆಂ.ಮೀ. ಅಗಲ, 17.5 ಸೆಂ.ಮೀ. ಎತ್ತರ ಇರುತ್ತದೆ. ದೊಡ್ಡವರಿಗೆ ಬರೆದವು ಹೆಚ್ಚಾಗಿ ಬಿ6 ಅಳತೆಯವು, ಅಂದರೆ ಎತ್ತರ 18.2 ಸೆಂ.ಮೀ.

ಹೆಚ್ಚಿನ ಇ-ರೀಡರ್ ಪರದೆಗಳು ಇದಕ್ಕಿಂತ ಗಿಡ್ಡ. ಹೆಚ್ಚಿನವುಗಳಲ್ಲಿ ಅಗಲ 3 ಪಾಲಾದರೆ ಎತ್ತರ 4 ಪಾಲು. ಮಾಂಗಾ ಪುಟ ಅದಕ್ಕಿಂತ ಉದ್ದುದ್ದ. ಹಾಗಾಗಿ ಪುಟ ಮೇಲಿಂದ ಕೆಳಗೆ ತುಂಬಿಕೊಂಡರೂ ಎರಡೂ ಪಕ್ಕದಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ. ಜಾಹೀರಾತಿನಲ್ಲಿ ಹೇಳುವ ಇಂಚು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ನಮಗೆ ಬೇಕಾಗಿರುವುದು ಎತ್ತರ.

6 ಇಂಚಿನ ಪರದೆ ಸುಮಾರು 12.2 ಸೆಂ.ಮೀ. ಎತ್ತರ. ಅದರಲ್ಲಿ ತಾಂಕೊಬೊನ್ ಪುಟ ಅಚ್ಚಾದ ಅಳತೆಯ ಶೇ 70ಕ್ಕೆ ಇಳಿಯುತ್ತದೆ. 7 ಇಂಚಿನದ್ದು 14.2 ಸೆಂ.ಮೀ., ಅಲ್ಲಿ ಶೇ 80ರ ಆಸುಪಾಸು. 7.8 ಇಂಚಿನದ್ದು 15.8 ಸೆಂ.ಮೀ., ಅಂದರೆ ಶೇ 90. 10.3 ಇಂಚಿನಲ್ಲಿ ಪುಟ ಪುಸ್ತಕಕ್ಕಿಂತಲೂ ದೊಡ್ಡದಾಗಿಯೇ ಕಾಣುತ್ತದೆ.

ಶೇ 70 ಅಂದರೆ ಓದಬಹುದಲ್ವಾ ಅನ್ನಿಸಬಹುದು. ಜಪಾನಿ ಭಾಷೆಯಲ್ಲೇ ಓದುವವರು ಫುರಿಗಾನಾವನ್ನು ನೆನಪಿಸಿಕೊಳ್ಳಿ. ಕಾಂಜಿಯ (ಚೀನೀ ಮೂಲದ ಜಪಾನಿ ಅಕ್ಷರ) ಪಕ್ಕದಲ್ಲಿ ಉಚ್ಚಾರ ತಿಳಿಸಲು ಹಾಕುವ ಪುಟಾಣಿ ಅಕ್ಷರಗಳವು. ಪುಸ್ತಕದಲ್ಲೇ ಕಣ್ಣು ಕಿರಿದು ಮಾಡಿ ನೋಡುವಷ್ಟು ಸಣ್ಣ. 6 ಇಂಚಿನಲ್ಲಿ ಅವುಗಳ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಚುಕ್ಕೆಯಾಗಿಬಿಡುತ್ತವೆ. ಭಾಷೆ ಕಲಿಯುವವರಿಗೆ ಇದು ದೊಡ್ಡ ನಷ್ಟ. ಇಂಗ್ಲಿಷ್ ಅನುವಾದ ಓದುವವರಿಗೂ ಪೂರ್ತಿ ಬಿಡುಗಡೆ ಇಲ್ಲ. ಆ ಗುಳ್ಳೆಗಳನ್ನು ಬರೆದದ್ದು ಮೇಲಿಂದ ಕೆಳಗೆ ಇಳಿಯುವ ಜಪಾನಿ ಸಾಲುಗಳಿಗಾಗಿ. ಆ ಕಿರಿದಾದ ಉದ್ದ ಗುಳ್ಳೆಯೊಳಗೆ ಅಡ್ಡ ಸಾಲು ತುರುಕಬೇಕಾದಾಗ ಅಕ್ಷರ ಸಣ್ಣದಾಗಲೇಬೇಕು.

ದುಡ್ಡು ಕೊಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನಲ್ಲಿ ಮಾತು ಜಾಸ್ತಿ ಇರುವ ಒಂದು ಮಾಂಗಾ ಪುಟ ತೆರೆಯಿರಿ. ಪರದೆಗೆ ಸ್ಕೇಲ್ ಹಿಡಿದು, ಪುಟದ ಎತ್ತರ 12.2 ಸೆಂ.ಮೀ. ಆಗುವಷ್ಟು ಚಿಕ್ಕದು ಮಾಡಿ. ಪುಸ್ತಕ ಹಿಡಿಯುವ ದೂರದಲ್ಲಿ ಕೂತು ಓದಿ. ಆಮೇಲೆ 14.2, ಆಮೇಲೆ 15.8. ಕಂಪ್ಯೂಟರಿನಲ್ಲಿ ಅಕ್ಷರದ ಅಂಚು ಇ-ರೀಡರಿನಷ್ಟು ಚೂಪಾಗಿ ಕಾಣದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಗಾತ್ರ ನಿಮ್ಮ ಕಣ್ಣಿಗೆ ಒಪ್ಪಿತೇ, ಅಷ್ಟು ನೋಡಿ. ನನ್ನ ಅಭಿಪ್ರಾಯ ಕೇಳಿದರೆ, ಮಾಂಗಾಕ್ಕೆ 7 ಇಂಚಿಗಿಂತ ಕೆಳಗೆ ಹೋಗಲೇಬಾರದು. ಒಂಟಿ ಪುಟ ಓದಲು 7.8 ಇಂಚು ಎಲ್ಲಕ್ಕಿಂತ ಹಿತ.

ಹೆಜ್ಜೆ 2: ಜೋಡಿ ಪುಟಗಳ ಬಗ್ಗೆ ಈಗಲೇ ತೀರ್ಮಾನಿಸಿ

ಮಾಂಗಾ ಕಲಾವಿದರು ಕಥೆಯ ದೊಡ್ಡ ಘಳಿಗೆಗಳನ್ನು ಎರಡು ಪುಟಕ್ಕೂ ಹರಡಿ ಬರೆಯುತ್ತಾರೆ. ಅದನ್ನು ಅರ್ಧ ಅರ್ಧವಾಗಿ ನೋಡಿದರೆ ಅವರ ಶ್ರಮಕ್ಕೆ ಅನ್ಯಾಯ. 7 ಇಂಚಿನ ಸಾಧನವನ್ನು ಅಡ್ಡ ತಿರುಗಿಸಿದರೆ ಜೋಡಿ ಪುಟವೇನೋ ಬರುತ್ತದೆ, ಆದರೆ ಪುಟದ ಎತ್ತರ 10.7 ಸೆಂ.ಮೀ.ಗೆ ಇಳಿಯುತ್ತದೆ. ಚಿತ್ರ ಕಾಣುತ್ತದೆ, ಮಾತು ಕಾಣುವುದಿಲ್ಲ. 10.3 ಇಂಚಿನದ್ದನ್ನು ಅಡ್ಡ ಹಿಡಿದರೆ ಒಂದೊಂದು ಪುಟವೂ 15.7 ಸೆಂ.ಮೀ. ಎತ್ತರ ಸಿಗುತ್ತದೆ, ಹೆಚ್ಚುಕಡಿಮೆ 7.8 ಇಂಚಿನ ಎರಡು ಪರದೆ ಪಕ್ಕಪಕ್ಕ ಇಟ್ಟಷ್ಟು. ಸದಾ ಜೋಡಿ ಪುಟವಾಗಿಯೇ ಓದುವ ಆಸೆ ಇದ್ದರೆ ಮಾತ್ರ ಅಷ್ಟು ದೊಡ್ಡದು ಕೊಳ್ಳಿ. ಒಂದೇ ಕೈಯಲ್ಲಿ ಹಿಡಿದು, ಮಲಗಿಕೊಂಡು ಓದುವವರಿಗೆ ಅದರ ಭಾರ ಬೇಗ ಬೇಸರ ತರುತ್ತದೆ.

ಹೆಜ್ಜೆ 3: ಇಂಚಿಗೆ 300 ಪಿಕ್ಸೆಲ್ ಇದೆಯಾ ನೋಡಿ

6, 7, 7.8 ಇಂಚಿನ ಒಳ್ಳೆಯ ಮಾದರಿಗಳಲ್ಲಿ ಇದು ಸಾಮಾನ್ಯ. 10.3 ಇಂಚಿನ ಕೆಲವು ಸಾಧನಗಳಲ್ಲಿ ಮಾತ್ರ 227ಕ್ಕೆ ನಿಲ್ಲುತ್ತದೆ, ಸಾಧನದ ವಿವರಪಟ್ಟಿಯಲ್ಲಿ ಆ ಸಾಲನ್ನು ಹುಡುಕಿ ಓದಿ.

ಪಿಕ್ಸೆಲ್ ಯಾಕೆ ಮುಖ್ಯ ಅಂದರೆ, ಮಾಂಗಾದ ಬೂದು ಬಣ್ಣ ನಿಜವಾಗಿ ಬೂದು ಅಲ್ಲ. ಅದು ಸ್ಕ್ರೀನ್‌ಟೋನ್. ಸಾಲುಸಾಲಾಗಿ ಇಟ್ಟ ಸಣ್ಣ ಕಪ್ಪು ಚುಕ್ಕೆಗಳು. ನೆರಳು, ಕೂದಲು, ಸಂಜೆಯ ಆಕಾಶ, ಎಲ್ಲ ಇದೇ ಚುಕ್ಕೆಗಳಿಂದ. ಪುಟವನ್ನು ಪರದೆಗೆ ಹೊಂದಿಸಲು ಕುಗ್ಗಿಸಿದಾಗ ಈ ಚುಕ್ಕೆಗಳ ಸಾಲೂ ಪಿಕ್ಸೆಲ್‌ಗಳ ಸಾಲೂ ತಾಳ ತಪ್ಪುತ್ತವೆ. ಆಗ ಅಂಗಿಯ ಮೇಲೆ, ಕೆನ್ನೆಯ ಮೇಲೆ ಮೂಲದಲ್ಲಿ ಇಲ್ಲದ ಚೌಕಳಿ ಮೂಡುತ್ತದೆ. ಇದಕ್ಕೆ ಮ್ವಾರೇ ಅನ್ನುತ್ತಾರೆ. ಪಿಕ್ಸೆಲ್ ಜಾಸ್ತಿ ಇದ್ದಷ್ಟೂ ಈ ಕಾಟ ಕಡಿಮೆ. ನಿಮ್ಮದೇ ಕಡತಗಳಿದ್ದರೆ ಪರದೆಯ ಅಳತೆಗೆ ಮೊದಲೇ ಹೊಂದಿಸಿ ಹಾಕಿಕೊಳ್ಳಿ, 7 ಇಂಚಿಗೆ ಸಾಮಾನ್ಯವಾಗಿ 1264 ಅಡ್ಡ, 1680 ಉದ್ದ. ಕಿಂಡಲ್ ಕಾಮಿಕ್ ಕನ್ವರ್ಟರ್ ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹೆಸರಿನಲ್ಲಿ ಅಮೆಜಾನ್‌ನ ಇ-ರೀಡರ್ ಕಿಂಡಲ್ ಇದ್ದರೂ, ಇನ್ನೊಂದು ಬ್ರ್ಯಾಂಡ್ ಆದ ಕೋಬೋ ಸಾಧನಗಳಿಗೂ ಆಗುತ್ತದೆ.

ಹೆಜ್ಜೆ 4: ಬಣ್ಣದ ಪರದೆ ಬೇಕಾ?

ನನ್ನ ಉತ್ತರ, ಹೆಚ್ಚಿನವರಿಗೆ ಬೇಡ. ಕೆಲಿಡೊ 3 ಬಗೆಯ ಬಣ್ಣದ ಪರದೆಗಳಲ್ಲಿ ಕಪ್ಪು-ಬಿಳುಪು ಪದರದ ಮೇಲೆ ಬಣ್ಣದ ಸೋಸುಪದರ ಇರುತ್ತದೆ. ಕಪ್ಪು-ಬಿಳುಪಿಗೆ ಇಂಚಿಗೆ 300 ಪಿಕ್ಸೆಲ್ ಸಿಕ್ಕರೂ ಬಣ್ಣಕ್ಕೆ ಸಿಗುವುದು 150. ಆ ಪದರದಿಂದಾಗಿ ಬಿಳಿಯೂ ಸ್ವಲ್ಪ ಮಂಕು, ಹಾಗಾಗಿ ಬೆಳಕು ಏರಿಸಿಕೊಂಡೇ ಓದಬೇಕಾಗುತ್ತದೆ. ಮಾಂಗಾದಲ್ಲಿ ಬಣ್ಣ ಇರುವುದು ಮುಖಪುಟದಲ್ಲಿ, ಹೆಚ್ಚೆಂದರೆ ಮೊದಲ ಕೆಲವು ಪುಟಗಳಲ್ಲಿ. ಅಷ್ಟಕ್ಕಾಗಿ ಉಳಿದ ನೂರೆಂಬತ್ತು ಪುಟದ ಹೊಳಪು ಬಿಟ್ಟುಕೊಡುವುದು ನಷ್ಟದ ವ್ಯಾಪಾರ. ಬಣ್ಣದ ಕಾಮಿಕ್ಸ್ ಕೂಡ ಓದುವವರಾದರೆ ಬೇರೆ ಮಾತು. ಕೊರಿಯಾದ ವೆಬ್‌ಟೂನ್ ಓದುವವರು ಮಾತ್ರ ಇ-ಇಂಕ್ (ಇ-ರೀಡರ್‌ಗಳಲ್ಲಿರುವ ಬಗೆಯ ಪರದೆ) ಕಡೆ ಬರಲೇಬೇಡಿ. ಅವು ಕೆಳಕ್ಕೆ ಜಾರಿಸುತ್ತ ಓದುವಂಥವು, ಅದಕ್ಕೆ ಫೋನೇ ಸರಿ.

ಹೆಜ್ಜೆ 5: ಪುಸ್ತಕ ಎಲ್ಲಿ ಕೊಳ್ಳುತ್ತೀರಿ?

ಇದನ್ನು ತೀರ್ಮಾನಿಸದೆ ಸಾಧನ ಕೊಂಡವರೇ ಆಮೇಲೆ ಪರದಾಡುವುದು. ಕಿಂಡಲ್ ಅಂಗಡಿಯಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ ಕಿಂಡಲ್‌ನಲ್ಲಿ ಅಥವಾ ಅದರ ಆ್ಯಪ್‌ನಲ್ಲೇ ಓದಬೇಕು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಸಾಧನಕ್ಕೆ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ. ಚಿತ್ರಗಳನ್ನು ಜಿಪ್ ಮಾಡಿದ ಸಿಬಿಝಡ್ ಕಡತಗಳನ್ನು ಕೋಬೋ ನೇರವಾಗಿ ತೆರೆಯುತ್ತದೆ, ಕಿಂಡಲ್ ತೆರೆಯುವುದಿಲ್ಲ. ಶುಯೇಶಾದ ಮಾಂಗಾ ಪ್ಲಸ್, ಕೊಡಾನ್ಶಾದ ಕೆ ಮಾಂಗಾದಂಥ ಪ್ರಕಾಶಕರ ಆ್ಯಪ್‌ಗಳೇ ನಿಮ್ಮ ದಾರಿಯಾದರೆ ಆಂಡ್ರಾಯ್ಡ್ ಇರುವ ಬೂಕ್ಸ್ ತರಹದ ಸಾಧನ ನೋಡಿ. ಅವುಗಳಲ್ಲಿ ಚಾರ್ಜ್ ಬೇಗ ಇಳಿಯುತ್ತದೆ, ಸೆಟ್ಟಿಂಗ್‌ಗಳ ಗೋಜಲೂ ಜಾಸ್ತಿ. ಆದರೂ ನಾಲ್ಕು ಕಡೆ ಕೊಳ್ಳುವವರಿಗೆ ಬೇರೆ ದಾರಿ ಕಡಿಮೆ.

ಜಾಗವನ್ನೂ ಇಲ್ಲೇ ಲೆಕ್ಕ ಹಾಕಿ. ಕಾದಂಬರಿ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ಮಾಂಗಾದ ಒಂದು ಸಂಪುಟಕ್ಕೆ 100 ಎಂಬಿ ಹಿಡಿದರೆ, ನೂರು ಸಂಪುಟ ದಾಟಿದ ಒಂದೇ ಸರಣಿಗೆ 10 ಜಿಬಿ ಬೇಕು. 32 ಜಿಬಿ ಇದ್ದರೆ ನೆಮ್ಮದಿ. ಪುಟ ತಿರುಗಿಸುವ ಗುಂಡಿ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ, ಮಾಂಗಾದಲ್ಲಿ ಪುಟ ಬೇಗ ಬೇಗ ತಿರುಗುತ್ತದೆ.

ಹೆಜ್ಜೆ 6: ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷಿಸಿ

ಮೂರು ಬಗೆಯ ಪುಟ ತೆರೆದು ನೋಡಿ. ಮಾತು ತುಂಬಿದ ಪುಟದಲ್ಲಿ ಅತಿ ಸಣ್ಣ ಅಕ್ಷರ ಓದಿ. ಪೂರ್ತಿ ಕಪ್ಪು ತುಂಬಿದ ರಾತ್ರಿಯ ದೃಶ್ಯದಿಂದ ಮುಂದಿನ ಬಿಳಿ ಪುಟಕ್ಕೆ ಹೋಗಿ, ಹಳೆಯ ಚಿತ್ರದ ನೆರಳು ಉಳಿದಿದೆಯಾ ಗಮನಿಸಿ. ಉಳಿದಿದ್ದರೆ ಪ್ರತಿ ಪುಟಕ್ಕೂ ಪರದೆ ಪೂರ್ತಿ ತಾಜಾ ಆಗುವಂತೆ ಸೆಟ್ಟಿಂಗ್ ಬದಲಿಸಿ, ಬಹುತೇಕ ನೆರಳು ಹೋಗುತ್ತದೆ. ಕೊನೆಗೆ ಸ್ಕ್ರೀನ್‌ಟೋನ್ ಜಾಸ್ತಿ ಇರುವ ಪುಟದಲ್ಲಿ ಚೌಕಳಿ ಹುಡುಕಿ. ಹಾಗೆಯೇ ಪುಟಗಳು ಬಲದಿಂದ ಎಡಕ್ಕೆ ತಿರುಗುತ್ತಿವೆಯಾ ನೋಡಿ. ಅಂಗಡಿಯಲ್ಲಿ ಕೊಂಡ ಕಡತದಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ನೀವೇ ಬದಲಾಯಿಸಿದ ಕಡತದಲ್ಲಿ ಉಲ್ಟಾ ಆಗಿದ್ದರೆ, ಕನ್ವರ್ಟರ್‌ನಲ್ಲಿ ಬಲದಿಂದ ಎಡಕ್ಕೆ ಅನ್ನುವ ಆಯ್ಕೆ ಹಾಕಿ ಮತ್ತೊಮ್ಮೆ ಮಾಡಿ. ಅಕ್ಷರ ಓದಲು ಕಷ್ಟವಾದರೆ ಮಾತ್ರ ಯಾವ ಸೆಟ್ಟಿಂಗೂ ನೆರವಿಗೆ ಬರದು. ಸಾಧನ ವಾಪಸ್ ಕೊಟ್ಟು ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.