ಕಾರಿನ ಮುಂಗಾಜು ಬದಲಿಸಿದ ನನ್ನ ಅನುಭವ

ನನ್ನ ಹಳೆಯ ಕಾರಿನ ಮುಂಗಾಜಿನಲ್ಲಿ ಕೆಳಮೂಲೆಯಿಂದ ಹೊರಟ ಬಿರುಕು ಚಾಲಕನ ನೋಟಕ್ಕೆ ಅಡ್ಡ ಬರುವಷ್ಟು ಬೆಳೆದಿತ್ತು. ಮಳೆ ಬಂದಾಗಲೆಲ್ಲ ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಕೂಡ ಒದ್ದೆಯಾಗುತ್ತಿತ್ತು. ಕಾರ್ಪೆಟ್ ನೆನೆದ ಮಾತ್ರಕ್ಕೆ ಗಾಜನ್ನೇ ದೂರುವಂತಿಲ್ಲ, ಏಕೆಂದರೆ ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ, ವೈಪರ್ ಬುಡದ ಪ್ಲಾಸ್ಟಿಕ್ ಮುಚ್ಚಳದಡಿಯ ರಂಧ್ರಗಳಲ್ಲಿ ತರಗೆಲೆ ತುಂಬಿದರೂ ನೀರು ಅದೇ ಜಾಗಕ್ಕೆ ಬಂದು ಸೇರುತ್ತದೆ. ಆದ್ದರಿಂದ ಮೊದಲು ಅವೆರಡನ್ನೂ ಸ್ವಚ್ಛಗೊಳಿಸಿ, ಗೆಳೆಯನನ್ನು ಟಾರ್ಚ್ ಸಮೇತ ಒಳಗೆ ಕೂರಿಸಿ, ಗಾಜಿನ ಕೆಳಅಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ನೀರು ಬಿಡುತ್ತಾ ಹೋದೆ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲೆಡೆ ಹರಿದು, ಸೋರುವ ಜಾಗ ಯಾವುದೆಂದು ತಿಳಿಯುವುದೇ ಇಲ್ಲ. ಹೀಗೆ ನೋಡಿದಾಗ ನೀರು ಗಾಜಿನ ಅಂಚಿನಿಂದಲೇ ಒಳಬರುತ್ತಿರುವುದು ಖಚಿತವಾಯಿತು.

ವೈಪರ್ ತೋಳುಗಳು, ಮುಚ್ಚಳ, ಅಂಚಿನ ಬೀಡಿಂಗ್ ಇವನ್ನೆಲ್ಲ ಬಿಚ್ಚಿ, ಡ್ಯಾಶ್‌ಬೋರ್ಡಿಗೆ ದಪ್ಪ ಹೊದಿಕೆ ಹಾಸಿದ ಮೇಲೆ, ಹೆಣೆದ ಉಕ್ಕಿನ ತಂತಿಯೊಂದನ್ನು ಹಳೆಯ ಅಂಟಿನ ಮೂಲಕ ತೂರಿಸಿ, ಒಳಗೊಬ್ಬರು ಹೊರಗೊಬ್ಬರು ನಿಂತು ಗರಗಸದಂತೆ ಎಳೆದು ಅಂಟನ್ನು ಕತ್ತರಿಸಿದೆವು. ಇದು ಬರೀ ತೋಳ್ಬಲದ ಕೆಲಸ. ಕೈಗವಸು ಮತ್ತು ಕನ್ನಡಕವಿಲ್ಲದೆ ಮಾಡತಕ್ಕದ್ದಲ್ಲ.

ಗಾಜು ಎತ್ತಿದಾಗ ಕಂಡ ಲೋಹದ ಅಂಚೇ ಈ ಕೆಲಸದ ಜೀವಾಳ. ಹಿಂದೆ ಯಾರೋ ಸೋರಿಕೆಯನ್ನು ಸಿಲಿಕೋನ್ ಮೆತ್ತಿ ಮುಚ್ಚಿದ್ದರು. ಅದರಡಿಯಲ್ಲಿ ಬಣ್ಣ ಗುಳ್ಳೆಯೆದ್ದು, ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಕಂದು ಹಕ್ಕಳೆಗಳು ಉದುರುತ್ತಿದ್ದವು. ಅಂಟು ಎಷ್ಟೇ ಗಟ್ಟಿಯಿರಲಿ, ತುಕ್ಕಿನ ಮೇಲೆ ಕೂತರೆ ತುಕ್ಕಿನ ಪದರದೊಂದಿಗೇ ಕಿತ್ತು ಬರುತ್ತದೆ, ಆ ಸಂದಿಯಲ್ಲಿ ನೀರು ನುಗ್ಗಿ ತುಕ್ಕನ್ನು ಇನ್ನಷ್ಟು ಬೆಳೆಸುತ್ತದೆ. ಸಿಲಿಕೋನನ್ನು ಲವಲೇಶವೂ ಉಳಿಯದಂತೆ ಕೆರೆದು ತೆಗೆದೆ, ಏಕೆಂದರೆ ಅದರ ಮೇಲೆ ಗಾಜನ್ನು ಬಾಡಿಗೆ ಅಂಟಿಸುವ ಯುರೆಥೇನ್ ಅಂಟು ಹಿಡಿಯುವುದಿಲ್ಲ. ತುಕ್ಕು ಹಿಡಿದ ಭಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸುತ್ತಲಿನ ಬಣ್ಣದ ಅಂಚನ್ನು ಇಳಿಜಾರಾಗಿ ನಯಗೊಳಿಸಿ, ತುಕ್ಕು ತಡೆಯುವ ಅಡಿಲೇಪವಾದ ಎಪಾಕ್ಸಿ ಪ್ರೈಮರ್ ಬಳಿದು ಅದು ಪೂರ್ತಿ ಗಟ್ಟಿಯಾಗುವ ತನಕ ಕಾದೆ. ಅವಸರದವರು ಎಡವುವುದು ಇಲ್ಲಿಯೇ. ಲೋಹ ತೂತು ಬಿದ್ದಿದ್ದರೆ ಪ್ರೈಮರಿನಿಂದ ಏನೂ ಆಗದು, ವೆಲ್ಡಿಂಗ್ ಬೇಕು; ನನ್ನ ಕಾರು ಆ ಹಂತ ಮುಟ್ಟಿರಲಿಲ್ಲ.

ಉಳಿದೆಡೆ ಬಿಗಿಯಾಗಿದ್ದ ಹಳೆಯ ಯುರೆಥೇನನ್ನು ಬುಡಸಮೇತ ಕೀಳದೆ, ಒಂದೆರಡು ಮಿಲಿಮೀಟರ್ ಉಳಿಯುವಂತೆ ಕತ್ತರಿಸಿದೆ. ಹೊಸ ಯುರೆಥೇನ್ ಅದರ ಮೇಲೆ ಚೆನ್ನಾಗಿ ಕೂರುತ್ತದೆ, ಕೆಳಗಿನ ಬಣ್ಣಕ್ಕೂ ಧಕ್ಕೆಯಾಗದು. ಉಪಕರಣ ತಾಗಿ ಬಿದ್ದ ಗೀರುಗಳಿಗೆಲ್ಲ, ಕೂದಲೆಳೆಯಷ್ಟು ಸಣ್ಣದಿದ್ದರೂ, ಲೋಹದ ಪ್ರೈಮರ್ ಹಚ್ಚಿದೆ.

ಹೊಸ ಗಾಜನ್ನು ಅಂಟಿಲ್ಲದೆ ಒಮ್ಮೆ ಕೂರಿಸಿ, ಸ್ಥಾನ ತಪ್ಪದಂತೆ ಗಾಜಿಗೂ ಬಾಡಿಗೂ ಟೇಪ್ ಗುರುತು ಹಾಕಿಕೊಂಡೆ. ಗಾಜಿನ ಅಂಚಿನ ಕಪ್ಪು ಪಟ್ಟಿ ಅಂದಕ್ಕಾಗಿ ಮಾತ್ರ ಇರುವುದಲ್ಲ, ಬಿಸಿಲಿನ ನೇರಳಾತೀತ ಕಿರಣಗಳಿಂದ ಅಂಟನ್ನು ಕಾಯುತ್ತದೆ. ಅದನ್ನು ಒರೆಸಿ ಗಾಜಿನ ಪ್ರೈಮರ್ ಹಚ್ಚಿದ ಮೇಲೆ ಬೆರಳು ತಾಗಿಸಬಾರದು. ಟ್ಯೂಬಿನ ಮೂತಿಯನ್ನು ‘ವಿ’ ಆಕಾರಕ್ಕೆ ಕತ್ತರಿಸಿ, ಎತ್ತರವಾದ ತ್ರಿಕೋನದ ಸಾಲನ್ನು ಎಲ್ಲೂ ಕಡಿಯದಂತೆ ಎಳೆದು, ಆರಂಭ ಮತ್ತು ಕೊನೆ ಸೇರುವ ಜಾಗ ಮೂಲೆಗೆ ಬಾರದಂತೆ ನೋಡಿಕೊಂಡೆ. ಅಂಟಿನ ಮೇಲ್ಮೈ ಕೆನೆಗಟ್ಟುವ ಮೊದಲೇ ಗಾಜು ಕೂರಬೇಕಾದ್ದರಿಂದ, ಸಕ್ಷನ್ ಕಪ್ ಹಿಡಿದು ಇಬ್ಬರೂ ಏಕಕಾಲಕ್ಕೆ ಇಳಿಸಿ ಮೆಲ್ಲನೆ ಒತ್ತಿದೆವು.

ಯುರೆಥೇನ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ಚಳಿಯಲ್ಲೂ ಒಣಹವೆಯಲ್ಲೂ ತಡವಾಗುತ್ತದೆ. ಅನೇಕ ಕಾರುಗಳಲ್ಲಿ ಪ್ರಯಾಣಿಕನ ಏರ್‌ಬ್ಯಾಗ್ ಗಾಜಿಗೆ ಆನಿಕೊಂಡೇ ಅರಳುವುದರಿಂದ, ಟ್ಯೂಬಿನ ಮೇಲೆ ನಮೂದಿಸಿದ ಅವಧಿ ಮುಗಿಯುವ ಮೊದಲು ಕಾರನ್ನು ರಸ್ತೆಗಿಳಿಸುವುದು ಅಪಾಯ. ಅಲ್ಲಿಯವರೆಗೆ ಒಂದು ಕಿಟಕಿಯನ್ನು ತುಸು ತೆರೆದಿಟ್ಟಿದ್ದೆ, ಬಾಗಿಲು ಬಡಿದಾಗ ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ತಳ್ಳದಿರಲೆಂದು. ಮರುದಿನ ಮತ್ತೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ನೋಡಿದ ಮೇಲೆಯೇ ಬೀಡಿಂಗ್ ಮತ್ತು ಮುಚ್ಚಳಗಳನ್ನು ಜೋಡಿಸಿದೆ. ಈಗ ಮಳೆಗಾಲಕ್ಕೆ ಮುನ್ನ ಮುಚ್ಚಳದಡಿಯ ಕಸ ತೆಗೆಯುವಾಗ, ಪ್ರೈಮರ್ ಬಳಿದ ಮೂಲೆಯ ಸುತ್ತಲಿನ ಬಣ್ಣ ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಇದುವರೆಗೆ ನಯವಾಗಿಯೇ ಇದೆ.