ಕಣದಲ್ಲಿ ಮೆಕ್ಕೆಜೋಳ, ಕಣ್ಣು ಬಂಗಾಳ ಕೊಲ್ಲಿಯ ಕಡೆ

ದಾವಣಗೆರೆ, ಚಿತ್ರದುರ್ಗದ ಕಡೆ ಮೆಕ್ಕೆಜೋಳ ಕಣಕ್ಕೆ ಬರುವ ಹೊತ್ತಿಗೆ ಸ್ವಾತಿ, ವಿಶಾಖ ಮಳೆಗಳ ಕಾಲ. ಕಾಳಿನಲ್ಲಿ ಇನ್ನೂ ನೂರಕ್ಕೆ 20ರಿಂದ 25ರಷ್ಟು ತೇವಾಂಶ ಇರುತ್ತದೆ, ಚೀಲ ಹೊಲಿಯಬೇಕಾದರೆ ಅದು 14ಕ್ಕೆ ಇಳಿಯಬೇಕು. ಎರಡು ಇಂಚು ದಪ್ಪಕ್ಕೆ ಹರವಿ ಮಗುಚುತ್ತಿದ್ದರೂ ಕೆಲವು ದಿನಗಳ ಒಳ್ಳೆ ಬಿಸಿಲು ಬೇಕೇ ಬೇಕು. ಅಷ್ಟು ದಿನ ಬಿಸಿಲು ಸಿಗುತ್ತದೋ ಇಲ್ಲವೋ ಎಂದು ತಿಳಿಯಲು ನಾನು ಕಡಲನ್ನು ನೋಡುತ್ತೇನೆ.

ಕಡಲಿನ ಲೆಕ್ಕ ಮೊದಲು ತಿಳಿದಿರಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 10 ಟನ್ ಗಾಳಿ ನಿಂತಿರುತ್ತದೆ. ಆ ಇಡೀ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖಕ್ಕೆ ಕಡಲಿನ ಮೇಲ್ಪದರದ ಎರಡೂವರೆ ಮೀಟರ್ ನೀರು ಮಾತ್ರ ಒಂದು ಡಿಗ್ರಿ ಬಿಸಿಯಾಗುತ್ತದೆ. ಅದಕ್ಕೇ ನವೆಂಬರಿನಲ್ಲಿ ನೆಲ ಬೇಗ ತಣಿದರೂ ಕೊಲ್ಲಿಯ ನೀರು ಬೆಚ್ಚಗೇ ಉಳಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ, ಈಶಾನ್ಯದಿಂದ ಬೀಸುವ ಒಣಗಾಳಿ ದಾರಿಯಲ್ಲಿ ಕಡಲ ಆವಿ ಹೀರಿಕೊಂಡು ತಮಿಳುನಾಡಿನ ಕರಾವಳಿ ಮುಟ್ಟುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹತ್ತಿರ ಹತ್ತಿರ 25 ಲಕ್ಷ ಜೂಲ್ ಶಾಖ ಬೇಕು. ದಿನಕ್ಕೆ 5 ಮಿ.ಮೀ. ಆವಿಯಾದರೆ ಪ್ರತಿ ಚದರ ಮೀಟರ್ ಕಡಲು 145 ವ್ಯಾಟ್ ಶಾಖ ಬಿಟ್ಟುಕೊಟ್ಟಂತೆ. ಆವಿ ಮೋಡವಾದಾಗ ಅಷ್ಟೂ ಶಾಖ ಗಾಳಿಗೆ ಸೇರುತ್ತದೆ. ಗಾಳಿ ಜೋರಾದಷ್ಟೂ ಆವಿ ಹೆಚ್ಚು, ಕಡಲು ತಂಪಾಗುವುದೂ ಹೆಚ್ಚು.

ನನ್ನ ಬಳಿ ಇರುವ ಸಾಮಾನು ಕಡಿಮೆ: ಗಾಳಿಯ ಒತ್ತಡ ತೋರಿಸುವ ಫೋನು, ಎರಡು ಥರ್ಮಾಮೀಟರ್, 16 ಸೆಂ.ಮೀ. ಅಡ್ಡಳತೆಯ ಆಲಿಕೆ ಕೂರಿಸಿದ ಕ್ಯಾನು. ಆ ಆಲಿಕೆಯಲ್ಲಿ 20 ಮಿ.ಲೀ. ನೀರು ಬಿದ್ದರೆ 1 ಮಿ.ಮೀ. ಮಳೆ. ಇವನ್ನು ಬೆಳಿಗ್ಗೆ 8.30ಕ್ಕೇ ನೋಡಬೇಕು. ಒತ್ತಡ ದಿನವೂ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ ಮೂರು ಹೆಕ್ಟೋಪಾಸ್ಕಲ್‌ನಷ್ಟು ತಾನಾಗಿಯೇ ಇಳಿಯುತ್ತದೆ. ಇದನ್ನು ತಿಳಿಯದೆ ಬೆಳಗಿನ ಅಂಕಿಯ ಜೊತೆ ಸಂಜೆಯದನ್ನು ಹೋಲಿಸಿದರೆ ದಿನವೂ ಚಂಡಮಾರುತ ಬಂದಂತೆ ಕಾಣುತ್ತದೆ. ಚಿತ್ರದುರ್ಗದ ಎತ್ತರಕ್ಕೆ ಫೋನಿನ ಅಂಕಿ 930ರ ಆಸುಪಾಸು ಇರುತ್ತದೆ. ನಿನ್ನೆಯ 8.30ಕ್ಕಿಂತ ಇವತ್ತಿನ 8.30ಕ್ಕೆ ಎರಡು ಕಡಿಮೆಯಾಗಿದ್ದರೆ ಎಚ್ಚರ ವಹಿಸುತ್ತೇನೆ.

ಗಾಳಿಯ ತೇವ ತಿಳಿಯಲು ಒಂದು ಥರ್ಮಾಮೀಟರಿನ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಲ್ಲಿ ಇಳಿಬಿಟ್ಟಿರುತ್ತೇನೆ. ತಪ್ಪುವುದು ಹೆಚ್ಚಾಗಿ ಇಲ್ಲೇ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ಬಟ್ಟೆ ಕೆಲವೇ ದಿನಗಳಲ್ಲಿ ಉಪ್ಪು ಕಟ್ಟಿ ನೀರು ಎಳೆಯುವುದನ್ನು ಬಿಡುತ್ತದೆ, ಅಂಕಿ ಸುಳ್ಳಾಗುತ್ತದೆ. ಬ್ಯಾಟರಿಗೆ ಹಾಕುವ ನೀರನ್ನೇ ಹಾಕಬೇಕು, ವಾರಕ್ಕೊಮ್ಮೆ ಬಟ್ಟೆ ಬದಲಿಸಬೇಕು, ಓದುವ ಮುನ್ನ ಎರಡು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಬೇಕು. ಒಣ ಅಂಕಿ 24, ಒದ್ದೆ ಅಂಕಿ 18 ಇದ್ದರೆ ಗಾಳಿಯ ತೇವ ನೂರಕ್ಕೆ 57ರಷ್ಟು, ಕಾಳು ಒಣಗುತ್ತದೆ. ಒದ್ದೆ ಅಂಕಿ 20 ಆದರೆ ತೇವ 70. ಆ ಗಾಳಿಯಲ್ಲಿ 14ಕ್ಕೆ ಇಳಿದ ಕಾಳು ಅಲ್ಲೇ ನಿಲ್ಲುತ್ತದೆ. 21ಕ್ಕೆ ಏರಿದರೆ ಒಣಗಿದ ಕಾಳೇ ಮತ್ತೆ ತೇವ ಹೀರುತ್ತದೆ, ಮೋಡವಿರಲಿ, ಇಲ್ಲದಿರಲಿ.

ಇನ್ನು ಗಾಳಿಯ ದಿಕ್ಕು. ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕುಸಿತ ಎಡಗೈ ಕಡೆ ಇರುತ್ತದೆ. ಮೂಡಗಾಳಿ ಬೀಸುತ್ತಿದ್ದರೆ ಕುಸಿತ ನಮಗೆ ದಕ್ಷಿಣದಲ್ಲಿದೆ, ಕಡಲ ಆವಿ ನೇರ ನಮ್ಮ ಕಡೆಗೇ ಬರುತ್ತಿದೆ. ಬಡಗಣ ಗಾಳಿಯಾದರೆ ಕುಸಿತ ಪೂರ್ವಕ್ಕಿದೆ, ನಮಗೆ ಬರುವುದು ನೆಲದ ಒಣಗಾಳಿ. ಚಳಿ ಹೆಚ್ಚುತ್ತದೆ, ಕಾಳು ಚೆನ್ನಾಗಿ ಒಣಗುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಮೊದಲ ಬಗೆಯದು. ಅದರ ಅವಶೇಷ ಪಶ್ಚಿಮಕ್ಕೆ ಸಾಗಿ ಒಳನಾಡಿಗೂ ಮಳೆ ತಂದಿತು. 2023ರ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಬಳಿ ದಡ ಸೇರಿದ ಮಿಚಾಂಗ್ ಎರಡನೆಯ ಬಗೆಯದು. ಊರ ಬೀದಿಯಲ್ಲಿ, ಜೋಗಿಮಟ್ಟಿಯಂಥ ಗುಡ್ಡಗಳ ಸಂದಿಯಲ್ಲಿ ನಿಂತು ದಿಕ್ಕು ನೋಡಬೇಡಿ, ಗಾಳಿ ತಿರುಗಿಸಿ ತೋರಿಸುತ್ತದೆ. ಬಯಲಲ್ಲಿ ನಿಂತು ಕೆಳಮೋಡ ಓಡುವ ದಿಕ್ಕು ನೋಡಿ.

ಚೆನ್ನೈ ಕರಾವಳಿಯಿಂದ ಚಿತ್ರದುರ್ಗಕ್ಕೆ ನೇರ ದೂರ 430 ಕಿ.ಮೀ. ಚಿಲ್ಲರೆ. ಗಂಟೆಗೆ 12ರಿಂದ 15 ಕಿ.ಮೀ. ಸಾಗುವ ಕುಸಿತ ನಮ್ಮ ಹತ್ತಿರ ಬರಲು 30ರಿಂದ 36 ಗಂಟೆ. ರಾಶಿ ಕೂಡಿಸಿ ತಾಡಪಾಲು ಹೊದಿಸಲು ಅಷ್ಟು ಸಮಯ ಸಾಕು. ಆದರೆ ಮೋಡದ ಅಂಚು ಅದಕ್ಕಿಂತ ಒಂದು ದಿನ ಮುಂಚೆಯೇ ಬರಬಹುದು.

ಕಡಲಿನ ಮೇಲ್ಮೈ ಉಷ್ಣತೆಯ ನಕ್ಷೆಯನ್ನು ಕಡಲ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್ ಪ್ರಕಟಿಸುತ್ತದೆ. ಚಂಡಮಾರುತ ಬೆಳೆಯಲು ನೀರು ಸಾಮಾನ್ಯವಾಗಿ 26.5 ಡಿಗ್ರಿಗಿಂತ ಬೆಚ್ಚಗಿರಬೇಕು, ಆ ಬಿಸಿ ಹತ್ತಾರು ಮೀಟರ್ ಆಳಕ್ಕೂ ಇರಬೇಕು. ಬಿರುಗಾಳಿ ನೀರನ್ನು ಕಲಕಿ ಕೆಳಗಿನ ತಂಪನ್ನು ಮೇಲೆ ತರುತ್ತದೆ, ತನ್ನ ಒಲೆಗೆ ತಾನೇ ನೀರು ಹಾಕಿಕೊಳ್ಳುತ್ತದೆ. ಅದೇ ಹಾದಿಯಲ್ಲಿ ಬೇಗನೆ ಬರುವ ಇನ್ನೊಂದಕ್ಕೆ ಕಾವು ಕಡಿಮೆ. ಬಂಗಾಳ ಕೊಲ್ಲಿಯಲ್ಲಿ ಇದಕ್ಕೊಂದು ತಡೆ ಇದೆ. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳ ಸಿಹಿನೀರು ಹಗುರವಾಗಿ ಮೇಲೆ ಹರಡಿರುತ್ತದೆ, ಅದರಡಿ ಉಪ್ಪುನೀರು ಬೆಚ್ಚಗೇ ಇರುತ್ತದೆ, ಗಾಳಿ ಕಲಕಿದರೂ ತಂಪು ಸುಲಭಕ್ಕೆ ಮೇಲೆ ಬರುವುದಿಲ್ಲ. ಅದಕ್ಕೇ ಒಂದು ಕುಸಿತ ದಾಟಿತೆಂದು ನವೆಂಬರಿನಲ್ಲಿ ನಾನು ತಾಡಪಾಲು ಮಡಚಿಡುವುದಿಲ್ಲ. ಜನವರಿಗೆ ಕೊಲ್ಲಿಯ ಉತ್ತರ ಭಾಗ ತಣಿದಿರುತ್ತದೆ, ಕುಸಿತ ಹುಟ್ಟಿದರೂ ಶ್ರೀಲಂಕಾ ಕಡೆಯಲ್ಲೇ ಹುಟ್ಟುತ್ತದೆ.

ಪೆಸಿಫಿಕ್ ಕಡಲು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ವರ್ಷ ಹಿಂಗಾರು ಹೆಚ್ಚು, ತಂಪಾಗುವ ಲಾ ನಿನಾ ವರ್ಷ ಕಡಿಮೆ ಎಂಬ ಒಲವು ಇರುವುದು ನಿಜ. 2015ರ ಎಲ್ ನಿನೊದಲ್ಲಿ ಚೆನ್ನೈ ಮುಳುಗಿತು. ಆದರೆ 2021 ಲಾ ನಿನಾ ವರ್ಷ, ಆ ನವೆಂಬರಿನಲ್ಲೇ ಕರ್ನಾಟಕದಲ್ಲಿ ಕಟಾವಿಗೆ ಬಂದ ಬೆಳೆ ಮಳೆಗೆ ಸಿಕ್ಕಿತು. ಕಣದ ತೀರ್ಮಾನಕ್ಕೆ ಆ ಒಲವನ್ನು ನಾನು ಬಳಸುವುದಿಲ್ಲ.

ತಾಡಪಾಲಿನಡಿ ಹಸಿ ಕಾಳು ತಾನೇ ಬಿಸಿಯಾಗುತ್ತದೆ. ದಿನಕ್ಕೆರಡು ಸಲ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ನೋಡಬೇಕು. ಬೆಚ್ಚಗಿದ್ದರೆ ಮಳೆ ನಿಲ್ಲಲೆಂದು ಕಾಯದೆ ಸೂರಿನಡಿ ಹರವಬೇಕು.