ಎದುರಾಳಿ ಶಾಲೆಗಳ ಮಕ್ಕಳನ್ನು ಒಂದೇ ರಿಲೇ ಸಾಲಿನಲ್ಲಿ ಕೂರಿಸುವುದು ಹೇಗೆ?

ಶನಿವಾರಗಳಲ್ಲಿ ನಾನು ನ್ಯೂಜೆರ್ಸಿಯ ಹೈಸ್ಕೂಲ್ ಮಕ್ಕಳಿಗೆ ಗಣಿತ ಸ್ಪರ್ಧೆಯ ತರಬೇತಿ ಕೊಡುತ್ತೇನೆ. ವರ್ಷವಿಡೀ ಟ್ರೋಫಿಗಾಗಿ ಜಿದ್ದಿಗೆ ಬಿದ್ದ ಎರಡು ಶಾಲೆಗಳವರು ಎಆರ್‌ಎಂಎಲ್ (ಅಮೆರಿಕದ ಹೈಸ್ಕೂಲ್ ಮಕ್ಕಳ ಗಣಿತ ತಂಡಗಳ ಸ್ಪರ್ಧೆ) ಬಂತೆಂದರೆ ಒಂದೇ ತಂಡ. ಅಲ್ಲಿ ಆಡುವುದು 15 ಜನರ ಪ್ರಾದೇಶಿಕ ತಂಡಗಳು. ನೀವೂ ಇಂಥ ತಂಡ ನೋಡಿಕೊಳ್ಳುವವರಾದರೆ, ದಯವಿಟ್ಟು ಆ ಜಿದ್ದನ್ನು ನಂದಿಸಲು ಹೋಗಬೇಡಿ. ಒಟ್ಟು 300 ಅಂಕಗಳಲ್ಲಿ 150 ವೈಯಕ್ತಿಕ ಸುತ್ತಿನವು. "ಅವಳಿಗಿಂತ ಒಂದಾದರೂ ಹೆಚ್ಚು ಬಿಡಿಸ್ತೀನಿ" ಎನ್ನುವ ಹಟ ಅಲ್ಲಿ ಇಡೀ ತಂಡದ ಲೆಕ್ಕಕ್ಕೇ ಜಮೆಯಾಗುತ್ತದೆ.

ಕಷ್ಟವಿರುವುದು ರಿಲೇ ಸುತ್ತಿನಲ್ಲಿ. ಮೂವರು ಒಬ್ಬರ ಹಿಂದೊಬ್ಬರು ಕೂರುತ್ತಾರೆ, ಮಾತಾಡುವಂತಿಲ್ಲ. ಮೊದಲನೆಯವರ ಉತ್ತರ ಚೀಟಿಯಲ್ಲಿ ಎರಡನೆಯವರಿಗೆ, ಅವರದು ಮೂರನೆಯವರಿಗೆ. ಅಂಕ ಕೊನೆಯ ಉತ್ತರಕ್ಕೆ ಮಾತ್ರ: 3 ನಿಮಿಷಕ್ಕೆ ಸರಿಯಿದ್ದರೆ 5, 6 ನಿಮಿಷಕ್ಕಾದರೆ 3. ಎದುರಾಳಿ ಶಾಲೆಯವನು ಕೊಟ್ಟ ಸಂಖ್ಯೆಯನ್ನು ನಂಬಲೋ ಬೇಡವೋ ಎಂದು ಅನುಮಾನಿಸುತ್ತ ಕೂತರೆ ಆ 5 ಅಂಕ ಹೋದಂತೆಯೇ.

ಅಭ್ಯಾಸದಲ್ಲಿ ಒಂದೇ ಶಾಲೆಯವರನ್ನು ಹಿಂದುಮುಂದಾಗಿ ಕೂರಿಸಬೇಡಿ. ಸುಲಭದ್ದರಿಂದ ಶುರುಮಾಡಿ. ನಾನು ಕೊಡುವುದು ಹೀಗೆ: 1ರಿಂದ 100ರೊಳಗೆ 7ರ ಗುಣಕಗಳೆಷ್ಟು? 14. ಬಂದ ಸಂಖ್ಯೆಯಷ್ಟು ಬಾಹುಗಳಿರುವ ಬಹುಭುಜಾಕೃತಿಗೆ ಕರ್ಣಗಳೆಷ್ಟು? 77. 2ನ್ನು ಬಂದ ಸಂಖ್ಯೆಯ ಘಾತಕ್ಕೆ ಏರಿಸಿದರೆ ಬಿಡಿಸ್ಥಾನದ ಅಂಕಿ ಯಾವುದು? 2.

ಇಲ್ಲಿ ಮೂರನೆಯ ಹುಡುಗಿ ಕೈಕಟ್ಟಿ ಕಾಯಬಾರದು. ಬಿಡಿಸ್ಥಾನ 2, 4, 8, 6 ಎಂದು ಸುತ್ತುತ್ತದೆ, ತನಗೆ ಬೇಕಾದದ್ದು ಬರುವ ಸಂಖ್ಯೆಯನ್ನು 4ರಿಂದ ಭಾಗಿಸಿದಾಗಿನ ಶೇಷ ಮಾತ್ರ ಎಂದು ಮೊದಲೇ ಬರೆದಿಟ್ಟುಕೊಂಡರೆ, ಚೀಟಿ ಕೈಗೆ ಬಂದ ಕೂಡಲೇ ಉತ್ತರ ಸಿದ್ಧ. ಎರಡನೆಯವನೂ ಅಷ್ಟೇ, ಕರ್ಣಗಳ ಸೂತ್ರ ಬರೆದುಕೊಂಡೇ ಕಾಯಲಿ. ಕೈಗೆ ಕೆಲಸವಿದ್ದಾಗ ಮುಂದೆ ಕೂತವರು ಯಾವ ಶಾಲೆಯವರೆಂದು ಯೋಚಿಸಲು ಮಕ್ಕಳಿಗೆ ಪುರುಸೊತ್ತಿರುವುದಿಲ್ಲ.

ಉತ್ತರ ತಪ್ಪಾದರೆ ಮೂರೂ ಚೀಟಿಗಳನ್ನು ಮೇಜಿನ ಮೇಲಿಡಿ, ಎಲ್ಲಿ ಎಡವಿತೆಂದು ಮೂವರೂ ಸೇರಿ ಹುಡುಕಲಿ. ಆಮೇಲೆ ಜಾಗ ಬದಲಿಸಿ. ಪೋಷಕರ ವಾಟ್ಸಾಪ್ ಗುಂಪಿಗೆ ಶಾಲೆವಾರು ಅಂಕ ಮಾತ್ರ ಕಳಿಸಲೇಬೇಡಿ. ಮಕ್ಕಳು ಮರೆತ ಜಗಳವನ್ನು ಅಪ್ಪ ಅಮ್ಮಂದಿರು ಮುಂದುವರಿಸುತ್ತಾರೆ.

ಜಿದ್ದು ನಿಜಕ್ಕೂ ಕೆಲಸಕ್ಕೆ ಬರುವುದು ಪವರ್ ಸುತ್ತಿನಲ್ಲಿ. ಒಂದು ಗಂಟೆ, ಹದಿನೈದೂ ಜನ ಸೇರಿ ಗಣಿತದ ಸಾಧನೆಗಳನ್ನು (ಪ್ರೂಫ್) ವಿವರವಾಗಿ ಬರೆಯಬೇಕು. ಒಂದು ಶಾಲೆಯವರು ಬರೆದದ್ದನ್ನು ಇನ್ನೊಂದು ಶಾಲೆಯವರ ಕೈಗೆ ಕೊಡಿ. ಗೆಳೆಯ "ಸರಿಯಾಗಿದೆ ಬಿಡು" ಅಂದುಬಿಡುತ್ತಾನೆ; ಎದುರಾಳಿ ಒಂದೊಂದು ಸಾಲಿಗೂ "ಇದು ಹೇಗೆ ಬಂತು?" ಎಂದು ಕೇಳುತ್ತಾನೆ. ಆ ಪ್ರಶ್ನೆಗೆಲ್ಲ ಉತ್ತರ ಬರೆದಾದ ಮೇಲೆಯೇ ಹಾಳೆಯನ್ನು ಒಪ್ಪಿಸಲಿ.